ಹನ್ನೊಂದು ಜೊತೆ ಅಟ್ಟೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಶೂ ರಿಪೇರಿ ಅಂಗಡಿಯಲ್ಲಿ ಮೂವತ್ತೆರಡು ವರ್ಷ ಒಂದೇ ಮಣೆಯ ಮೇಲೆ ಕೂತವನಿಗೆ ಕೋಪ ಬಾರದೆ ಇನ್ನೇನು ಬರಬೇಕು? ಬರುವವರೆಲ್ಲ ನಿಂತು ಮಾತಾಡುತ್ತಾರೆ, ನಾನು ಕೂತು ಅವರ ಕಾಲು ನೋಡುತ್ತೇನೆ. ಮುಖಗಳು ನೆನಪಿರುವುದಿಲ್ಲ. ಬ್ಯಾಂಕಿನ ಮ್ಯಾನೇಜರು ಎಂದರೆ ನನ್ನ ಪಾಲಿಗೆ ಎಡಗಾಲು ಎಳೆದು ಹಾಕುವ ಒಂದು ಜೊತೆ ಕಪ್ಪು ಶೂ. ಎದುರುಗಡೆ ಶಾಲೆಯ ಟೀಚರು ಎಂದರೆ ಹಿಮ್ಮಡಿಯನ್ನು ಒಳಬದಿಗೆ ಸವೆಸುವ ಚಪ್ಪಲಿ. ಶೂವಿನ ತಳದ ಅಟ್ಟೆ ಕೈಗೆ ಕೊಡಿ ಸಾಕು, ಮನುಷ್ಯ ಅವಸರದವನೋ ಸೋಮಾರಿಯೋ, ಯಾವ ಮೊಣಕಾಲು ನೋಯುತ್ತದೆ, ಎಲ್ಲ ಹೇಳುತ್ತೇನೆ. ಇದರಲ್ಲಿ ಜಂಬವೇನೂ ಇಲ್ಲ. ಸರಿ, ಸ್ವಲ್ಪ ಇದೆ.

ದಿನವಿಡೀ ಕೂತೇ ಇರುವವನಿಗೆ ನಡೆಯುವವನ ಮೇಲೆ ಮೋಹ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಊರಿನ ದೊಡ್ಡ ಆಟ ನಡಿಗೆ. ಓಟವಲ್ಲ, ನಡಿಗೆ. ವರ್ಷಕ್ಕೊಮ್ಮೆ, ಚಳಿ ಇನ್ನೇನು ಮುಗಿಯಿತು ಎನ್ನುವ ಹೊತ್ತಿಗೆ, ಐವತ್ತು ಕಿಲೋಮೀಟರಿನ ಸ್ಪರ್ಧೆ ನಡೆಯುತ್ತದೆ. ನಿಯಮ ಸುಲಭ: ಯಾವ ಕ್ಷಣದಲ್ಲೂ ಒಂದಲ್ಲ ಒಂದು ಪಾದ ನೆಲಕ್ಕೆ ತಾಗಿರಬೇಕು. ಎರಡೂ ಪಾದ ಗಾಳಿಯಲ್ಲಿದ್ದರೆ ಅದು ಓಟ. ಓಡಿದವನು ಹೊರಗೆ.

ಕೊಕ್ಕರೆ ಹನ್ನೊಂದು ವರ್ಷ ಈ ಸ್ಪರ್ಧೆಯಲ್ಲಿ ನಡೆದಿದ್ದಾನೆ, ಹತ್ತು ಸಲ ಗೆದ್ದಿದ್ದಾನೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಏನೋ ಇದೆ. ಉದ್ದ ಕಾಲು, ಸಣ್ಣ ತಲೆ, ನೀರಿನಲ್ಲಿ ಹೆಜ್ಜೆ ಇಡುವಂಥ ಎಚ್ಚರ ನೋಡಿ ಊರು ಅವನನ್ನು ಕೊಕ್ಕರೆ ಮಾಡಿತು. ನನ್ನ ಕೊನೆಯ ತಮ್ಮನ ವಯಸ್ಸಿನವನು. ಆದರೂ ಎದುರಿಗೆ ‘ನೀವು’ ಎಂದೇ ಅನ್ನುತ್ತಿದ್ದೆ. ಚಾಂಪಿಯನ್ನನ್ನು ಏಕವಚನದಲ್ಲಿ ಕರೆಯಲು ನಾಲಿಗೆ ಏಳುತ್ತಿರಲಿಲ್ಲ. ಅವನು ಮಾತ್ರ ಮೊದಲ ದಿನದಿಂದ ನನಗೆ ‘ಅಣ್ಣಾ’ ಎನ್ನುತ್ತಿದ್ದ.

ಅವನು ನಡೆಯುವುದನ್ನು ಹೇಗೆ ಹೇಳಲಿ? ಬೀದಿಯ ತಿರುವಿನಲ್ಲಿ ಬಿಳಿ ಟೋಪಿ ಕಾಣುತ್ತದೆ. ಆಮೇಲೆ ಸದ್ದಿಲ್ಲದೆ ಸೊಂಟ, ಭುಜ, ಮೊಣಕೈ ಎಲ್ಲ ಒಂದೇ ಲಯದಲ್ಲಿ ಹತ್ತಿರ ಬರುತ್ತವೆ. ಹಿಮ್ಮಡಿ ಮೆಲ್ಲನೆ ನೆಲ ಮುಟ್ಟುತ್ತದೆ, ಪಾದ ಹೊರಳುತ್ತದೆ, ಬೆರಳು ಬಿಡುವ ಮೊದಲೇ ಇನ್ನೊಂದು ಹಿಮ್ಮಡಿ ಬಂದಿರುತ್ತದೆ. ಅವನು ಹಾದುಹೋದ ಮೇಲೂ ಸ್ವಲ್ಪ ಹೊತ್ತು ರಸ್ತೆಯೇ ನಡೆಯುತ್ತಿದೆ, ಮರ, ದೀಪದ ಕಂಬ, ನಾನು ಎಲ್ಲರೂ ಮೆಲ್ಲಗೆ ಮುಂದೆ ಹೋಗುತ್ತಿದ್ದೇವೆ ಅನಿಸುತ್ತಿತ್ತು. ಮಧ್ಯಾಹ್ನ ಅಂಗಡಿಯಲ್ಲಿ ಸುತ್ತಿಗೆ ಬಡಿಯುತ್ತ ಬಡಿಯುತ್ತ ಕಣ್ಣು ಎಳೆದರೆ ನಾನೂ ಕಾಲುವೆಯ ದಾರಿಯಲ್ಲಿರುತ್ತಿದ್ದೆ. ಮಂಜು. ನೀರಿನ ಮೇಲೆ ಆವಿ. ನನ್ನ ಮುಂದೆ ನಾಲ್ಕೇ ಹೆಜ್ಜೆಯಲ್ಲಿ ಅವನು. ಎಷ್ಟು ನಡೆದರೂ ನನಗೆ ದಣಿವಿಲ್ಲ. ಎಚ್ಚರವಾದಾಗ ಬಾಯಲ್ಲಿ ಮೂರು ಮೊಳೆ, ಎದುರಿಗೆ ಯಾರೋ ಗಿರಾಕಿ ಕೆಮ್ಮುತ್ತ ನಿಂತಿರುತ್ತಿದ್ದರು.

‘ಅವನ ಪಾದ ತೊಳೆದು ನೀರು ಕುಡಿಯೋದೊಂದು ಬಾಕಿ ನಿಮಗೆ’ ಎಂದು ನನ್ನ ಹೆಂಡತಿ ಹಂಗಿಸುತ್ತಿದ್ದಳು. ಅಂಗಡಿಯ ಗೋಡೆ ನೋಡಿದವರು ಅವಳ ಮಾತನ್ನು ಒಪ್ಪಲೇಬೇಕು.

ಕೊಕ್ಕರೆಗೆ ಸ್ಪರ್ಧೆಗೆಂದೇ ಒಂದು ಜೊತೆ ಶೂ ಇತ್ತು. ವರ್ಷದಲ್ಲಿ ಆ ಒಂದು ದಿನ ಬಿಟ್ಟರೆ ಅದನ್ನು ಕಾಲಿಗೆ ಹಾಕುತ್ತಿರಲಿಲ್ಲ. ಸ್ಪರ್ಧೆಯ ಮರುದಿನ ಅದನ್ನು ಬಟ್ಟೆಯ ಚೀಲದಲ್ಲಿ ಸುತ್ತಿ ನನಗೆ ತಂದುಕೊಡುವನು. ನಾನು ಸವೆದ ಅಟ್ಟೆ ಬಿಡಿಸಿ, ಮುಂದಿನ ವರ್ಷಕ್ಕೆ ಹೊಸ ಅಟ್ಟೆ ಹಾಕುವೆ. ಎಲ್ಲಿ ಹೆಚ್ಚು ಸವೆದಿದೆಯೋ ಅಲ್ಲಿ ಹೊಸ ಅಟ್ಟೆಯ ಒಳಗೆ ಇನ್ನೊಂದು ತೆಳು ಪದರ ಅಂಟಿಸುವುದು ನನ್ನ ಪದ್ಧತಿ. ಯಾರನ್ನೂ ಕೇಳಿ ಮಾಡುವುದಲ್ಲ, ಯೋಚಿಸಿ ಮಾಡುವುದೂ ಅಲ್ಲ. ಕೈಯೇ ಮಾಡಿಕೊಂಡು ಹೋಗುತ್ತದೆ. ಬಿಡಿಸಿದ ಹಳೆಯ ಅಟ್ಟೆಗಳನ್ನು ಬಿಸಾಡದೆ, ಒಳಮೈ ಮೇಲೆ ವರ್ಷ ಬರೆದು, ಗೋಡೆಗೆ ಮೊಳೆ ಹೊಡೆದು ಸಾಲಾಗಿ ನೇತುಹಾಕಿದ್ದೆ. ಸವೆದ ಮುಖ ಗೋಡೆಗೆ, ನನ್ನ ದುಂಡು ಅಕ್ಷರ ಹೊರಗೆ. ಇದ್ದದ್ದು ಹತ್ತು ಜೊತೆ. ಹನ್ನೊಂದನೆಯದಕ್ಕೆ ಮೊಳೆ ಹೊಡೆದು ಕಾದಿದ್ದೆ.

ಈ ವರ್ಷವೂ ಅವನೇ ಗೆದ್ದ. ಭಾನುವಾರ ಕೊನೆಯ ಗೆರೆಯ ಹತ್ತಿರ ನಾವು ಅಭಿಮಾನಿ ಸಂಘದವರೆಲ್ಲ ಕುಣಿದದ್ದೇ ಕುಣಿದದ್ದು. ಎರಡನೆಯವನಾಗಿ ಬಂದವನು ಪಕ್ಕದ ಊರಿನ ಪೋಸ್ಟ್‌ಮ್ಯಾನ್. ಪಾಪ, ಸತತ ಮೂರು ವರ್ಷದಿಂದ ಅವನು ಎರಡನೆಯವನೇ. ಗೆರೆ ದಾಟಿದವನೇ ಮೊಣಕಾಲು ಹಿಡಿದು ಬಗ್ಗಿ ನಿಂತ. ಅವನ ಹೆಂಡತಿ ಟವೆಲಿನಲ್ಲಿ ಮುಖ ಒರೆಸುತ್ತಿದ್ದಳು. ನಾನು ಸುಮ್ಮನಿರಬಾರದಾಗಿತ್ತೇ? ‘ಎರಡನೇ ಮಹಾರಾಜರೇ, ಮುಂದಿನ ವರ್ಷಕ್ಕೂ ನಿಮ್ಮ ಸಿಂಹಾಸನ ಭದ್ರವಾಗಿ ಇಟ್ಟಿರ್ತೀವಿ!’ ಎಂದು ಕೂಗಿದೆ. ಎಲ್ಲರೂ ನಕ್ಕರು. ಆ ಹೆಂಗಸು ಒರೆಸುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು.

‘ಥೂ, ನಿಮ್ಮ ಬಾಯಿಗಿಷ್ಟು’ ಎಂದಳು ನನ್ನ ಹೆಂಡತಿ.

ಸೋಮವಾರ ಕೊಕ್ಕರೆ ಶೂ ತಂದ. ಪ್ರತಿ ವರ್ಷ ಅಟ್ಟೆ ಬಿಡಿಸುವವರೆಗೂ ಕೂತು ಚಹಾ ಕುಡಿಯುತ್ತಿದ್ದವನು ಈ ಸಲ ಕೂರಲಿಲ್ಲ. ‘ಅವಸರ ಏನಿಲ್ಲ ಅಣ್ಣಾ, ಇಟ್ಟಿರಿ’ ಎಂದು ಹೋಗಿಬಿಟ್ಟ. ದಣಿದಿದ್ದಾನೆ ಅಂದುಕೊಂಡು ಚೀಲವನ್ನು ಕಪಾಟಿನ ಮೇಲಿಟ್ಟೆ.

ಬುಧವಾರದ ಪೇಪರಿನಲ್ಲಿ ಫೋಟೋ ಬಂತು. ಕಾಲುವೆಯ ದಾರಿ, ಮಂಜು, ಮಂಜಿನೊಳಗೆ ಬಿಳಿ ಟೋಪಿ. ಎರಡೂ ಪಾದ ನೆಲದಿಂದ ಒಂದು ಗೇಣು ಮೇಲೆ. ಯಾರೋ ಹಕ್ಕಿಗಳ ಫೋಟೋ ತೆಗೆಯಲು ಹೋದವರು ತೆಗೆದದ್ದಂತೆ. ಕಾಲುವೆಯ ಪಕ್ಕದ ಆರು ಕಿಲೋಮೀಟರಿನಲ್ಲಿ ತೀರ್ಪುಗಾರರು ನಿಲ್ಲುವುದಿಲ್ಲ, ಅಲ್ಲಿ ನಿಲ್ಲಲು ಜಾಗವಿಲ್ಲ. ಕ್ರೀಡಾ ಸಂಘದವರು ಪೇಪರಿನಲ್ಲೇ ಹೇಳಿದ್ದರು: ಒಂದು ಮಸುಕು ಫೋಟೋ ನಂಬಿ ತೀರ್ಪು ಕೊಡಲಾಗದು, ಬೇರೆ ಸಾಕ್ಷಿ ಇರುವವರು ಶನಿವಾರದೊಳಗೆ ಬಂದು ಕೊಡಬಹುದು; ಸಾಬೀತಾದರೆ ಪದಕ ಎರಡನೆಯವನಿಗೆ.

ನಮ್ಮ ಅಭಿಮಾನಿ ಸಂಘ ಸೇರುವುದು ಪಕ್ಕದ ಕ್ಷೌರದ ಅಂಗಡಿಯಲ್ಲಿ. ಕ್ಷೌರಿಕ ಅಧ್ಯಕ್ಷ, ನಾನು ಕಾರ್ಯದರ್ಶಿ. ಅಂದು ಮೂರೂ ಕುರ್ಚಿ ತುಂಬಿ, ಬೆಂಚು ತುಂಬಿ, ಜನ ಬಾಗಿಲಲ್ಲೂ ನಿಂತಿದ್ದರು. ಅರ್ಧ ಗಡ್ಡಕ್ಕೆ ಸೋಪು ಹಚ್ಚಿಸಿಕೊಂಡವರೂ ಎದ್ದು ಭಾಷಣ ಮಾಡಿದರು. ಫೋಟೋ ನಕಲಿ ಎಂದರು ಕೆಲವರು. ಪೋಸ್ಟ್‌ಮ್ಯಾನ್‌ನದ್ದೇ ಕಿತಾಪತಿ ಎಂದರು ಇನ್ನು ಕೆಲವರು. ನನಗೆ ಮೈಯೆಲ್ಲ ಉರಿದುಹೋಯಿತು.

‘ಫೋಟೋ ಗೀಟೋ ಎಲ್ಲ ಬಿಡ್ರಯ್ಯ’ ಎಂದೆ. ‘ಅವರ ಅಟ್ಟೆ ನನ್ನ ಹತ್ರ ಇದೆ. ನಡೆದೋನ ಅಟ್ಟೆ ಬೇರೆ, ಓಡಿದೋನ ಅಟ್ಟೆ ಬೇರೆ. ಕಣ್ಣು ತಪ್ಪಬಹುದು, ಕ್ಯಾಮೆರಾ ತಪ್ಪಬಹುದು, ಅಟ್ಟೆ ತಪ್ಪಲ್ಲ. ಶನಿವಾರ ತಗೊಂಡು ಹೋಗಿ ಕ್ರೀಡಾ ಸಂಘದೋರ ಮುಖಕ್ಕೆ ಹಿಡೀತೀನಿ, ನೋಡ್ತಿರಿ!’

ಚಪ್ಪಾಳೆ ಬಿತ್ತು. ಕ್ಷೌರಿಕ ಕತ್ತರಿ ಎತ್ತಿ ಹಿಡಿದು, ‘ಕಾರ್ಯದರ್ಶಿ ಅಂದ್ರೆ ಹೀಗಿರಬೇಕು!’ ಎಂದ. ಸಂಜೆಯೊಳಗೆ ನನ್ನ ಮಾತು ಊರೆಲ್ಲ ಸುತ್ತಿ ಬಂದಿತ್ತು.

ಗುರುವಾರ ಬೆಳಿಗ್ಗೆ ಶಟರ್ ಬಾಗಿಲು ಅರ್ಧ ಎಳೆದುಕೊಂಡು, ಚೀಲ ಬಿಚ್ಚಿ ಶೂವಿನ ಅಟ್ಟೆ ಬಿಡಿಸಿದೆ. ಅಟ್ಟೆಯನ್ನು ಬೆಳಕಿಗೆ ಹಿಡಿದೆ.

ಹೇಳುವುದು ಸುಲಭ, ಆದ್ದರಿಂದ ಹೇಳುತ್ತೇನೆ. ಊರೊಳಗಿನ ರಸ್ತೆ ಡಾಂಬರು, ಕಾಲುವೆಯ ದಾರಿಗೆ ಮಾತ್ರ ಕುಲುಮೆಯಲ್ಲಿ ಉಳಿಯುವ ಕರಿ ಕಿಟ್ಟದ ಪುಡಿ ಹಾಸಿದ್ದಾರೆ. ಹೊಳೆಯುವ, ಚೂಪಾದ ಪುಡಿ. ಅದು ರಬ್ಬರಿಗೆ ಕಚ್ಚಿಕೊಂಡರೆ ಬಿಡುವುದಿಲ್ಲ. ಆ ದಾರಿಯಲ್ಲಿ ನಡೆದವನ ಹಿಮ್ಮಡಿ ತುಂಬ ಅದು ಇರಬೇಕು. ಹಿಮ್ಮಡಿಯಲ್ಲಿ ಒಂದು ಕಾಳೂ ಇರಲಿಲ್ಲ. ಬೆರಳುಗಳ ಕೆಳಗೆ, ಓಡುವವನು ನೆಲ ಒದೆಯುವ ಜಾಗದಲ್ಲಿ, ಪುಡಿ ಒತ್ತಾಗಿ ಕೂತಿತ್ತು. ರಬ್ಬರು ಅಲ್ಲಿ ಹರಿದು ಎದ್ದಿತ್ತು.

ಅಟ್ಟೆ ತಿರುಗಿಸಿದೆ, ಒರೆಸಿದೆ, ಕನ್ನಡಕ ತೆಗೆದು ಮತ್ತೆ ಹಾಕಿಕೊಂಡೆ. ಹಾಳಾದ್ದು, ಏನು ಮಾಡಿದರೂ ಅದು ಹಾಗೇ ಇತ್ತು. ನೋಡುತ್ತ ನೋಡುತ್ತ ಬೆರಳುಗಳೇ ಆ ಆರು ಕಿಲೋಮೀಟರು ಹೋದವು. ಮಂಜಿನೊಳಗೆ ಅವನು ಏಳುತ್ತಾನೆ, ತೇಲುತ್ತಾನೆ, ಬೆರಳ ತುದಿಯಲ್ಲಿ ಇಳಿದು ಮತ್ತೆ ಏಳುತ್ತಾನೆ. ನೀರಿನ ಮೇಲೆ ಅವನ ನೆರಳಿಲ್ಲ. ನನ್ನ ಮಧ್ಯಾಹ್ನದ ನಿದ್ದೆಯಲ್ಲಿ ನಾಲ್ಕು ಹೆಜ್ಜೆ ಮುಂದಿದ್ದವನು ಈಗ ಮಂಜಿನಲ್ಲಿ ಕಾಣದಷ್ಟು ದೂರ ಹೋಗಿದ್ದ. ಅಷ್ಟು ಚೆಂದವಾಗಿ ಅವನು ಎಂದೂ ಹೋಗಿರಲಿಕ್ಕಿಲ್ಲ. ಅದು ಮೋಸ ಎಂಬುದು ನೆನಪಾಗಿ ಕೈಯಲ್ಲಿದ್ದ ಅಟ್ಟೆ ಕೆಳಗೆ ಬಿತ್ತು.

ಆಮೇಲೆ ಬಂದ ಭಯ ಇನ್ನೂ ದೊಡ್ಡದು. ಗೋಡೆಯ ಮೇಲಿನ ಹತ್ತು ಜೊತೆಗಳ ಗತಿ? ಮಣೆ ಹತ್ತಿ ಒಂದೊಂದಾಗಿ ಇಳಿಸಿದೆ. ಸವೆದ ಮುಖ ಮೇಲೆ ಮಾಡಿ ನೆಲದ ಮೇಲೆ ಸಾಲಾಗಿ ಇಟ್ಟೆ. ಪರೀಕ್ಷೆಯ ಫಲಿತಾಂಶ ನೋಡುವವನ ಹಾಗೆ ಮೊದಲನೆಯ ವರ್ಷದ್ದನ್ನು ಕೈಗೆತ್ತಿಕೊಂಡೆ. ಹಿಮ್ಮಡಿ ಪೂರ್ತಿ ಸವೆದಿತ್ತು. ಹಿಮ್ಮಡಿಯ ತುಂಬ ಕರಿ ಪುಡಿ. ಎರಡನೆಯ ವರ್ಷ, ಹಾಗೆಯೇ. ಮೂರು, ನಾಲ್ಕು, ಅವನು ಜ್ವರದಲ್ಲಿ ನಡೆದು ಸೋತ ಐದನೆಯ ವರ್ಷ, ಎಂಟರವರೆಗೂ ಒಂದೊಂದು ಅಟ್ಟೆಯೂ ಪ್ರಾಮಾಣಿಕ. ಎಂಟು ವರ್ಷ ಅವನು ನಡೆದಿದ್ದ. ನಾಚಿಕೆಯಿಲ್ಲದೆ ಹೇಳುತ್ತೇನೆ, ನೆಲದ ಮೇಲೆ ಕೂತು ಅತ್ತುಬಿಟ್ಟೆ. ಒಂಬತ್ತನೆಯದರಲ್ಲಿ ಬೆರಳುಗಳ ಕೆಳಗೆ ರಬ್ಬರು ಸ್ವಲ್ಪ ಹರಿದು ಹತ್ತಿಪ್ಪತ್ತು ಕಾಳು, ಹತ್ತನೆಯದರಲ್ಲಿ ಅರ್ಧ ಅಂಗೈಯಷ್ಟು.

ಊಟದ ಡಬ್ಬಿ ತಂದ ಹೆಂಡತಿ ಬಾಗಿಲ ಕೆಳಗಿಂದ ಬಗ್ಗಿ ಒಳಗೆ ಬಂದಳು. ನೆಲದ ಮೇಲಿನ ಸಾಲನ್ನೂ ನನ್ನ ಮುಖವನ್ನೂ ನೋಡಿದಳು. ಮೂವತ್ತು ವರ್ಷ ನನ್ನ ಜೊತೆ ಬಾಳಿದವಳಿಗೆ ಅಟ್ಟೆ ಓದಲು ಬರುತ್ತದೆ.

‘ಓಡಿದಾನಾ?’

‘ಮೂರು ವರ್ಷದಿಂದ.’

ಅವಳು ಕೂತು ಡಬ್ಬಿ ಬಿಚ್ಚಿದಳು. ನಾನು ಮುಟ್ಟಲಿಲ್ಲ.

‘ಸುಟ್ಟುಬಿಡ್ಲಾ?’ ಎಂದೆ. ‘ಇದೊಂದು ಜೊತೆ. ಕಳೆದುಹೋಯ್ತು ಅಂತೀನಿ.’

‘ಕಾರ್ಯದರ್ಶಿ ಅಟ್ಟೆ ಕಳ್ಕೊಂಡ ಅಂದ್ರೆ ಊರಲ್ಲಿ ಒಂದು ಕೂಸೂ ನಂಬಲ್ಲ.’

‘ಅವನ ಹೆಸರು ಮಣ್ಣುಪಾಲಾಗುತ್ತೆ ಕಣೇ. ನನ್ನ ಕೈಯಿಂದ.’

‘ಹೌದು’ ಎಂದಳು. ಡಬ್ಬಿಯನ್ನು ನನ್ನ ಕಡೆ ಸರಿಸಿ, ‘ಭಾನುವಾರ ಆ ಪೋಸ್ಟ್‌ಮ್ಯಾನ್ ಹೆಂಡತಿ ನಿಮ್ಮ ಕಡೆ ನೋಡಿದ್ಲಲ್ಲ, ನಾನೂ ನೋಡಿದೆ. ಬೈಯೋ ಹಾಗೆ ನೋಡ್ಲಿಲ್ಲ ರೀ ಅವ್ಳು. ನಿಮ್ಮ ಮಾತು ನಿಜ ಅನ್ನೋ ಹಾಗೆ ನೋಡಿದ್ಲು. ನನಗೆ ಅದೇ ಸಂಕಟ’ ಎಂದಳು.

ಕೋಪ ಮಾಡಿಕೊಳ್ಳೋಣವೆಂದರೆ ಅದೂ ಕೈಕೊಟ್ಟಿತು.

ಶುಕ್ರವಾರ ಮಧ್ಯಾಹ್ನ, ಬೀದಿ ತೂಕಡಿಸುವ ಹೊತ್ತಿನಲ್ಲಿ, ಕೊಕ್ಕರೆ ಬಂದ. ಗಿರಾಕಿಗಳ ಸ್ಟೂಲಿನ ಮೇಲೆ ಕೂತ. ಆ ಉದ್ದ ಕಾಲುಗಳನ್ನು ಎಲ್ಲಿ ಇಡಬೇಕೆಂದು ಅವನಿಗೆ ತಿಳಿಯಲಿಲ್ಲ. ಪಕ್ಕದಲ್ಲಿ ಕ್ಷೌರಿಕನ ರೇಡಿಯೋ ಮೆಲ್ಲಗೆ ಹಾಡುತ್ತಿತ್ತು. ಗೋಡೆ ಖಾಲಿಯಿರುವುದನ್ನು ಅವನು ನೋಡಿದ.

‘ಬಿಚ್ಚಿದ್ರಾ ಅಣ್ಣಾ?’

‘ಬಿಚ್ಚಿದೆ.’

ಆಮೇಲೆ ಅವನು ತನ್ನಷ್ಟಕ್ಕೆ ಹೇಳಿಕೊಳ್ಳುವವನ ಹಾಗೆ ಶುರುಮಾಡಿದ. ‘ಮೊಣಕಾಲು ನೋವಿತ್ತು. ಅದು ನೆಪ ಅಲ್ಲ, ಇತ್ತು. ಎರಡು ವರ್ಷದ ಹಿಂದೆ ಕಾಲುವೆ ಹತ್ರ ಬಂದಾಗ ಹಿಂದೆ ಆ ಪೋಸ್ಟ್‌ಮ್ಯಾನ್ ಉಸಿರು ಕೇಳಿಸ್ತಿತ್ತು. ಮಂಜಲ್ಲಿ ನನ್ನ ಕೈ ನನಗೇ ಕಾಣ್ತಿರ್ಲಿಲ್ಲ. ಒಂದು ನೂರು ಹೆಜ್ಜೆ ಓಡಿದೆ, ಅಷ್ಟೇ. ಎಷ್ಟು ಹಗುರ ಆಯ್ತು ಗೊತ್ತಾ ಅಣ್ಣಾ? ಹುಟ್ಟಿದಾಗಿಂದ ಯಾರೋ ಕಾಲು ಹಿಡ್ಕೊಂಡಿದ್ದೋರು ಬಿಟ್ಟ ಹಾಗೆ. ಹಿಂದಿನ ಉಸಿರು ನಿಂತೇ ಹೋಯ್ತು.’

ಅವನ ದನಿ ಕೇಳುತ್ತ ಆ ಹಗುರ ನನ್ನ ಮೈಗೂ ಬಂತು. ಅಂಗಡಿ, ಅಂಟಿನ ಡಬ್ಬ, ಚರ್ಮದ ತುಂಡುಗಳು ಎಲ್ಲ ಒಂದು ಗಳಿಗೆ ನೆಲ ಬಿಟ್ಟವು. ಬೇಡ ಎಂದು ಮಣೆಯ ಅಂಚು ಹಿಡಿದುಕೊಂಡೆ.

‘ಹಾಗಾದ್ರೆ ಶೂ ನನಗ್ಯಾಕೆ ತಂದುಕೊಟ್ರಿ? ಕಾಲುವೇಲೇ ಬಿಸಾಕಬಹುದಿತ್ತಲ್ಲ?’

‘ನೀವು ಕಾಯ್ತಿರ್ತೀರಲ್ಲ’ ಎಂದ. ‘ಮತ್ತೆ... ನಿಮಗೆ ಮೊದಲೇ ಗೊತ್ತಿತ್ತಲ್ಲ ಅಣ್ಣಾ.’

‘ನನಗಾ?’

‘ಮೊದಲನೇ ಸಲ ಓಡಿದ್ನಲ್ಲ, ಆ ವರ್ಷ ಶೂ ಕೊಟ್ಟು ನಿಮ್ಮ ಮುಖಾನೇ ನೋಡ್ತಾ ಕೂತಿದ್ದೆ. ನೀವು ಕಂಡುಹಿಡೀತೀರಿ, ಬೈತೀರಿ, ಅಲ್ಲಿಗೆ ಮುಗೀತು ಅಂದ್ಕೊಂಡಿದ್ದೆ. ಮುಗಿದ್ರೆ ಸಾಕು ಅಂತಾನೂ ಇತ್ತು. ನೀವು ಏನೂ ಅನ್ಲಿಲ್ಲ. ಶೂ ವಾಪಸ್ ಬಂದಾಗ ಹಾಕ್ಕೊಂಡು ನೋಡ್ತೀನಿ, ಮುಂದುಗಡೆ ದಪ್ಪ. ಬೆರಳ ಕೆಳಗೆ ಒಂದು ಪದರ ಜಾಸ್ತಿ. ಓಡೋರಿಗೆ ಹಾಕೋ ಹಾಗೆ. ಅಣ್ಣನಿಗೆ ಗೊತ್ತಾಗಿದೆ, ಪರವಾಗಿಲ್ಲ ಅಂತಿದಾರೆ ಅಂದ್ಕೊಂಡೆ. ಮುಂದಿನ ವರ್ಷ ಒಂದು ಕಿಲೋಮೀಟರು ಓಡಿದೆ. ಈ ವರ್ಷ ಪೂರ್ತಿ.’

ನನ್ನ ಕೈಗಳನ್ನು ನೋಡಿಕೊಂಡೆ. ಅಂಟು ಮೆತ್ತಿದ, ಉಗುರು ಕಪ್ಪಾದ, ಮೂವತ್ತೆರಡು ವರ್ಷ ನನ್ನ ಹೊಟ್ಟೆ ಹೊರೆದ ಕೈಗಳು. ಸವೆದಲ್ಲಿ ಪದರ ಹಾಕಿದ್ದವು. ಹಾಗಿದ್ದರೆ ಸವೆದದ್ದನ್ನು ಕಣ್ಣು ನೋಡಿರಲೇಬೇಕು. ನೋಡಿತ್ತು. ಕಣ್ಣು ಕೈಗೆ ಹೇಳಿತ್ತು, ಕೈ ಕೇಳಿತ್ತು, ಇಬ್ಬರೂ ಸೇರಿ ನನಗೆ ಮಾತ್ರ ಹೇಳಿರಲಿಲ್ಲ. ನಾನು ಆಗ ಮಂಜಿನಲ್ಲಿ ಅವನ ಹಿಂದೆ ತೇಲುತ್ತಿದ್ದೆ.

‘ಇಲ್ಲ ಕಣೋ’ ಎಂದೆ. ‘ನನಗೆ ಗೊತ್ತಿರ್ಲಿಲ್ಲ. ಗೊತ್ತಾಗಬೇಕಿತ್ತು. ಗೊತ್ತಾಗಿದ್ರೆ ಆವತ್ತೇ ಈ ಸುತ್ತಿಗೆ ತಗೊಂಡು ನಿನ್ನ ಬೆನ್ನು ಮುರೀತಿದ್ದೆ.’

ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನನ್ನು ‘ನೀನು’ ಎಂದಿದ್ದೆ. ಅವನು ತಲೆಯೆತ್ತಿದ. ಬೈಸಿಕೊಂಡು ಬದುಕಿದವನ ಹಾಗೆ ಅವನ ಮುಖ ಸಡಿಲವಾಯಿತು.

‘ಈಗ ಏನ್ ಮಾಡ್ತೀರಿ?’

‘ನಾಳೆ ಹತ್ತು ಗಂಟೆಗೆ ಕ್ರೀಡಾ ಸಂಘದ ಆಫೀಸಿಗೆ ಹೋಗ್ತೀನಿ. ಅಟ್ಟೆ ತಗೊಂಡು.’

ಅವನು ಬೇಡ ಎನ್ನುತ್ತಾನೆ ಎಂದು ಕಾದೆ. ಅವನು ಬೇಡಿಕೊಂಡರೆ ಏನು ಮಾಡುತ್ತಿದ್ದೆನೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವನು ಎದ್ದ, ಸ್ಟೂಲನ್ನು ಮೊದಲಿದ್ದ ಜಾಗಕ್ಕೆ ಸರಿಸಿದ, ಬಾಗಿಲ ಕೆಳಗೆ ತಲೆ ತಗ್ಗಿಸಿ ಹೊರಗೆ ಹೋದ. ಬೀದಿಯಲ್ಲಿ ಅವನು ನಡೆಯುವುದನ್ನು ತಿರುವಿನವರೆಗೂ ನೋಡಿದೆ. ಏನು ಚೆಂದ ನಡೆಯುತ್ತಾನೆ, ಹಾಳಾದವನು.

ಶನಿವಾರ ಬೆಳಿಗ್ಗೆ ನಾನು ಬಗಲಲ್ಲಿ ಚೀಲ ಇಟ್ಟುಕೊಂಡು ಹೊರಟಾಗ ಕ್ಷೌರಿಕ ಅಂಗಡಿಯಿಂದ ಹೊರಗೆ ಬಂದು, ‘ಹಿಡೀರಿ ಅವರ ಮುಖಕ್ಕೆ!’ ಎಂದು ಕೂಗಿದ. ನಾನು ಅವನ ಬಳಿಗೆ ಹೋಗಿ ಮೆಲ್ಲಗೆ ವಿಷಯ ಹೇಳಿದೆ. ಅವನ ಕೈಯಲ್ಲಿದ್ದ ಬಾಚಣಿಗೆ ಹಾಗೇ ನಿಂತಿತು. ‘ದ್ರೋಹಿ’ ಎಂದ. ಮೂವತ್ತೆರಡು ವರ್ಷ ಅಕ್ಕಪಕ್ಕ ಅಂಗಡಿ ಇಟ್ಟವನು. ನಾನು ತಲೆಯಾಡಿಸಿ ಮುಂದೆ ನಡೆದೆ. ಹೆಂಡತಿ ನನ್ನ ಜೊತೆ ಮುಖ್ಯರಸ್ತೆಯವರೆಗೂ ಬಂದಳು.

ಕ್ರೀಡಾ ಸಂಘದ ಆಫೀಸೆಂದರೆ ಒಂದು ಉದ್ದನೆಯ ಕೋಣೆ. ಗಾಜಿನ ಬೀರುವಿನಲ್ಲಿ ಬಣ್ಣಗೆಟ್ಟ ಬಹುಮಾನದ ಕಪ್ಪುಗಳು, ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ಧೂಳು ನಿಧಾನಕ್ಕೆ ಈಜುತ್ತಿತ್ತು. ಗೋಡೆಗೆ ಒರಗಿಸಿದ ಬೆಂಚಿನ ಮೇಲೆ ಕೊಕ್ಕರೆ ಆಗಲೇ ಬಂದು ಕೂತಿದ್ದ, ಮೊಣಕಾಲುಗಳ ಮೇಲೆ ಕೈ ಇಟ್ಟುಕೊಂಡು. ನಾನು ಅವನ ಪಕ್ಕದಲ್ಲೇ ಹೋಗಿ ಕೂತೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಗುಮಾಸ್ತರು ಕರೆದರು. ವಯಸ್ಸಾದವರು, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದರು. ಮೇಜಿನ ಮೇಲೆ ಚೀಲ ಸುರಿದೆ. ಹನ್ನೊಂದು ಜೊತೆ ಅಟ್ಟೆ, ಸವೆದ ಮುಖ ಮೇಲೆ. ಯಾವುದು ಏನು ಎಂದು ಒಂದೊಂದಾಗಿ ತೋರಿಸಿದೆ. ಮೂರು ತರದೆ ಹನ್ನೊಂದೂ ಯಾಕೆ ತಂದಿರಿ ಎಂದು ಕೇಳಿದರು. ಎಂಟು ವರ್ಷ ನಡೆದದ್ದೂ ಬರೆದುಕೊಳ್ಳಬೇಕು, ಎರಡು ವರ್ಷ ಮುಂದುಗಡೆ ಸವೆದದ್ದನ್ನು ಕಂಡೂ ಪದರ ಹಾಕಿಕೊಟ್ಟವನು ನಾನು ಎಂಬುದನ್ನೂ ಬರೆದುಕೊಳ್ಳಬೇಕು ಎಂದೆ. ಅವರು ಎಲ್ಲವನ್ನೂ ನಿಧಾನಕ್ಕೆ ಬರೆದುಕೊಂಡರು. ಕೊನೆಗೆ ಅರ್ಜಿಯ ಮೇಲಿನ ಖಾಲಿ ಜಾಗಕ್ಕೆ ಬಂದರು.

‘ಇಲ್ಲಿ ಎರಡೇ ಇರೋದು. ದೂರು ಕೊಟ್ಟೋರ ಪರ, ಆಟಗಾರರ ಪರ. ನೀವು ಯಾರ ಪರ ಸಾಕ್ಷಿ?’

‘ಆಟಗಾರರ ಪರ.’

ಅವರು ಪೆನ್ನು ಎತ್ತಿ, ಮೇಜಿನ ಮೇಲಿದ್ದ ಅಟ್ಟೆಗಳನ್ನು ನೋಡಿದರು, ಬೆಂಚಿನ ಮೇಲಿದ್ದವನನ್ನು ನೋಡಿದರು. ‘ಏನ್ರೀ ಇದು, ನೀವು ಹೇಳಿದ್ದೆಲ್ಲ ಅವರ ವಿರುದ್ಧ ಅಲ್ವಾ?’

‘ವಿರುದ್ಧನೇ ಸಾರ್’ ಎಂದೆ. ನಡೆದ ಎಂಟು ವರ್ಷದ ಅಟ್ಟೆಗಳನ್ನು ಅವರ ಹತ್ತಿರಕ್ಕೆ ಸರಿಸಿದೆ. ‘ವಿರುದ್ಧನೇ. ಆದ್ರೂ ಆಟಗಾರರ ಪರ ಅಂತಾನೇ ಬರ್ಕೊಳ್ಳಿ.’

ಹಿಂದಿನ ಬೆಂಚಿನಿಂದ ಒಂದು ಸಣ್ಣ ಸದ್ದು ಬಂತು. ನಾನು ತಿರುಗಿ ನೋಡಲಿಲ್ಲ. ಗುಮಾಸ್ತರು ಹಾಗೆಯೇ ಬರೆದುಕೊಂಡರು.